ಬಂಡ್ರಿಯಿಂದ ಬಂದ ಒಂದೇ ಚೀಟಿ

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಲೀಗಿನ ಆಲ್‌ಸ್ಟಾರ್ ಪಂದ್ಯದ ಇತಿಹಾಸವನ್ನು ಹೊಸಪೇಟೆಯಲ್ಲಿ ಮೈಕಿನ ಮುಂದೆ ನಿಂತು ಓದಿದವರಲ್ಲಿ ಬಹುಶಃ ನಾನೇ ಮೊದಲಿಗ. ಅದನ್ನು ತಪ್ಪಾಗಿ ಓದಿದವನೂ ನಾನೇ. ಎರಡನೆಯ ಮಾತನ್ನು ಹೀಗೆ ನಿರಾಳವಾಗಿ ಬರೆಯಲು ನನಗೆ ಹಲವು ವರ್ಷಗಳು ಬೇಕಾದವು.

ಅದು ಅದಿರಿನ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಹಗಲಿಡೀ ಊರ ಹೊರಗಿನ ರಸ್ತೆಯಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನು ಮಧ್ಯಾಹ್ನದ ಹೊತ್ತಿಗೆ ಅದಿರಿನ ಕೆಂಧೂಳಿನಿಂದ ಕಾವಿ ತೊಟ್ಟವನಂತೆ ಕಾಣುತ್ತಿದ್ದನು. ಬಿ.ಎ. ಮುಗಿಸಿದ್ದ ನಾನು ಹೊಸಪೇಟೆಯ ಒಂದು ಕ್ರೀಡಾ ಕ್ಲಬ್ಬಿನಲ್ಲಿ ಗುಮಾಸ್ತನಾಗಿದ್ದೆ. ಗುಡ್ಡದ ಕಡೆಯ ನನ್ನೂರು ಬಂಡ್ರಿಯ ಓಣಿಯಲ್ಲಿ ಪದವಿ ಪಡೆದ ಮೊದಲಿಗ ನಾನು. ಅವ್ವ ಗಣಿಯಲ್ಲಿ ಅದಿರು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ. ಊರಿನಿಂದ ಯಾರು ಬಂದರೂ ಒಂದು ಕಾಗದವನ್ನು ನನ್ನ ಮುಂದೆ ಹಿಡಿದು, “ನೀ ಓದಿದಾವ, ನೋಡಿ ಹೇಳಪಾ” ಎನ್ನುತ್ತಿದ್ದರು. ಪಹಣಿಯಾಗಲಿ, ವೈದ್ಯರ ಚೀಟಿಯಾಗಲಿ, ನಾನು ಏನಾದರೊಂದನ್ನು ಹೇಳುತ್ತಿದ್ದೆ. ಗೊತ್ತಿಲ್ಲ ಎನ್ನುವ ಮಾತೊಂದನ್ನು ಮಾತ್ರ ನಾನು ಯಾರ ಮುಂದೆಯೂ ಆಡುತ್ತಿರಲಿಲ್ಲ. ಅದನ್ನು ಆಡಿದ ದಿನ ನನ್ನ ಪದವಿಯನ್ನು ಯಾರೋ ಬಂದು ವಾಪಸು ತೆಗೆದುಕೊಂಡು ಹೋಗುತ್ತಾರೆ ಎಂಬ ಭಯವಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು. ಆ ವರ್ಷ ಅವರು ಆರು ತಂಡಗಳ ಒಂದು ಬ್ಯಾಸ್ಕೆಟ್‌ಬಾಲ್ ಲೀಗನ್ನು ನಡೆಸಿದ್ದರು. ಸಂಡೂರಿನ ಎರಡು ಗಣಿಗಳ ಕೆಲಸಗಾರರ ತಂಡಗಳು ಮತ್ತು ಲಾರಿ ರಿಪೇರಿಯವರ ತಂಡ ಸೇರಿ ಗುಡ್ಡದ ಕಡೆಯವು ಮೂರು. ಕಂಪ್ಲಿಯ ಅಕ್ಕಿ ಗಿರಣಿಯವರು, ಡ್ಯಾಮಿನ ಕಾಲೊನಿಯವರು, ಹೊಸಪೇಟೆ ಪೇಟೆಯವರು ಸೇರಿ ಹೊಳೆಯ ಕಡೆಯವು ಮೂರು. ಲೀಗು ಮುಗಿಯುತ್ತಿದ್ದಂತೆ ಮಾಸ್ತರರು ಪತ್ರಿಕೆಯಲ್ಲಿ ಬಂದ ಒಂದು ಚಿತ್ರವನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು.

“ಇದಕ್ಕ ಆಲ್‌ಸ್ಟಾರ್ ಮ್ಯಾಚ್ ಅಂತಾರಪಾ. ಎಲ್ಲಾ ತಂಡದಾಗಿನ ಚಲೋ ಚಲೋ ಆಟಗಾರರನ್ನ ಆರಿಸಿ, ಎರಡು ಭಾಗ ಮಾಡಿ ಆಡಿಸೋದು. ಅವರದು ಪೂರ್ವ, ಪಶ್ಚಿಮ. ನಮ್ಮದು ಗುಡ್ಡ, ಹೊಳೆ. ಹೆಂಗ ಶುರುವಾತು, ಹೆಂಗ ಆರಿಸ್ತಾರ, ಎಲ್ಲಾ ಓದಿ ಬರಿ. ಭಾನುವಾರ ಬಹುಮಾನ ಕೊಡೋ ಮುಂದ ಮೈಕಿನಾಗ ನೀನ ಹೇಳಬೇಕು.”

ನಾನು ಬಸ್ ನಿಲ್ದಾಣದ ಬಳಿಯ ಇಂಟರ್‌ನೆಟ್ ಅಂಗಡಿಗೆ ಹೋಗಿ, ಆ ಪಂದ್ಯದ ಕುರಿತ ಒಂದು ದೀರ್ಘ ಇಂಗ್ಲಿಷ್ ಲೇಖನವನ್ನು ಮುದ್ರಿಸಿ ತಂದೆ. ಮೊದಲ ಭಾಗವನ್ನು ನಿಘಂಟಿನ ನೆರವಿನಿಂದ ಶ್ರದ್ಧೆಯಿಂದ ಓದಿದೆ. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ಅಲ್ಲಿನ ಕಾಲೇಜು ಆಟಗಾರರು ಬಾಜಿ ಕಟ್ಟುವವರ ಮಾತು ಕೇಳಿ ಆಡಿದರೆಂಬ ಹಗರಣದಿಂದಾಗಿ ಜನರಿಗೆ ಆ ಆಟದ ಮೇಲಿನ ನಂಬಿಕೆಯೇ ಹೋಗಿತ್ತು. ಜನರನ್ನು ಮತ್ತೆ ಅಂಗಳಕ್ಕೆ ಕರೆತರಲೆಂದು ಹುಟ್ಟಿದ್ದು ಈ ಪಂದ್ಯ. ಇದು ನಡೆಯುವುದಿಲ್ಲ, ಬಿಟ್ಟುಬಿಡಿ ಎಂದು ಲೀಗಿನ ಮುಖ್ಯಸ್ಥನೇ ಫೋನು ಮಾಡಿ ಹೇಳಿದನಂತೆ. ಆದರೆ ಒಂದು ತಂಡದ ಮಾಲೀಕ ಹಟ ಹಿಡಿದು, ನಷ್ಟವಾದರೆ ನನಗಿರಲಿ ಎಂದು ನಡೆಸಿಯೇಬಿಟ್ಟ. ವಾಡಿಕೆಗಿಂತ ಎಷ್ಟೋ ಪಟ್ಟು ಜನ ಬಂದರು. ಮೊದಮೊದಲು ಆಟಗಾರರನ್ನು ಆರಿಸುತ್ತಿದ್ದವರು ಪತ್ರಕರ್ತರು. ಕಾಲು ಶತಮಾನದ ಅನಂತರ ಪ್ರೇಕ್ಷಕರ ಮತದಾನ ಬಂದಿತು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಮತದಾನದ ಮುಂದಿನ ಎರಡು ಪುಟಗಳು ನಿಯಮಗಳಿಂದ ತುಂಬಿದ್ದವು. ವಾಕ್ಯಗಳು ಉದ್ದವಾಗಿದ್ದು, ಎರಡು ಸಲ ಓದಿದರೂ ಅವುಗಳ ತಲೆಬುಡ ಹತ್ತಲಿಲ್ಲ. ಕ್ಲಬ್ಬಿಗೆ ಬರುವ ಯಾರಾದರೂ ಇಂಗ್ಲಿಷ್ ಉಪನ್ಯಾಸಕರನ್ನು ಕೇಳಬಹುದಿತ್ತು. ಕೇಳಿದರೆ ನನಗೆ ತಿಳಿಯಲಿಲ್ಲವೆಂದು ಅವರಿಗೆ ತಿಳಿಯುತ್ತಿತ್ತು. ಆದ್ದರಿಂದ ಆ ಪುಟಗಳು ನಮಗೆ ಅಪ್ರಸ್ತುತವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಮಡಚಿಟ್ಟೆ. ಭಾನುವಾರ ಮೈಕಿನಲ್ಲಿ, “ಎರಡೂ ಕಡೆಯ ತಲಾ ಹತ್ತು ಮಂದಿ ಆಟಗಾರರನ್ನು ಪ್ರೇಕ್ಷಕರಾದ ತಾವೇ ಮತ ನೀಡಿ ಆರಿಸತಕ್ಕದ್ದು. ಇದೇ ಅಂತಾರಾಷ್ಟ್ರೀಯ ಪದ್ಧತಿ” ಎಂದು ಓದಿದೆ. ಚಪ್ಪಾಳೆ ಬಿತ್ತು. ಮಾಸ್ತರರು ಆ ಮಾತುಗಳನ್ನೇ ನಿಯಮವೆಂದು ಅಚ್ಚು ಹಾಕಿಸಿದರು.

ತಮಗೆ ಬೇಕಾದ ಆಟಗಾರನ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಲು ಐದು ಕಡೆ ಡಬ್ಬಿಗಳನ್ನಿಟ್ಟೆವು. ಕ್ಲಬ್ಬಿನಲ್ಲಿ ಒಂದು, ಸಂಡೂರು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಂದು, ಕಂಪ್ಲಿಯ ಗಿರಣಿಯ ಬಾಗಿಲಲ್ಲಿ ಒಂದು, ಕಡ್ಡಿರಾಂಪುರದ ರಸ್ತೆಬದಿಯ ಖಾನಾವಳಿಯಲ್ಲಿ ಒಂದು, ಬಂಡ್ರಿಯ ಕಿರಾಣಿ ಅಂಗಡಿಯಲ್ಲಿ ಒಂದು. ಹದಿನೈದು ದಿನಗಳ ನಂತರ ಮಾಸ್ತರರೂ ನಾನೂ ಕುಳಿತು ಅವುಗಳನ್ನು ತೆರೆದೆವು. ಕಡ್ಡಿರಾಂಪುರದ ಡಬ್ಬಿಯಲ್ಲಿ ಹಂಪಿ ನೋಡಲು ಬಂದ ಯಾರೋ ವಿದೇಶಿ ಪ್ರವಾಸಿ ಹೆಸರು ಬರೆಯುವ ಜಾಗದಲ್ಲಿ ನಗುವ ಮುಖ ಬರೆದು ಹಾಕಿದ್ದ ಚೀಟಿಯೊಂದಿತ್ತು. ಸಂಡೂರಿನ ಡಬ್ಬಿ ತುಂಬಿ ತುಳುಕುತ್ತಿತ್ತು. ಬಂಡ್ರಿಯ ಡಬ್ಬಿಯನ್ನು ಬೋರಲು ಹಾಕಿದರೆ ಬಿದ್ದದ್ದು ಒಂದೇ ಚೀಟಿ. ಅದಕ್ಕೆ ಗುಂಡುಸೂಜಿಯಿಂದ ಒಂದು ನೋಟುಬುಕ್ಕಿನ ಹಾಳೆ ಚುಚ್ಚಿತ್ತು.

“ನಮ್ಮೂರಿನ ಸಮಸ್ತರು ಗುಡಿಯ ಕಟ್ಟೆಗೆ ಕೂಡಿ, ಮಾತನಾಡಿ, ಈ ಕೆಳಗಿನವನನ್ನು ಅವಿರೋಧವಾಗಿ ಆರಿಸಿದ್ದೇವೆ” ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅರವತ್ತಕ್ಕೂ ಮಿಕ್ಕಿ ಸಹಿಗಳು, ಹೆಬ್ಬೆಟ್ಟಿನ ಗುರುತುಗಳು. ಕೆಲವು ಹೆಬ್ಬೆಟ್ಟುಗಳು ಶಾಯಿಯಿಲ್ಲದೆಯೇ ಅದಿರಿನ ಕೆಂಪಿನಲ್ಲಿ ಮೂಡಿದ್ದವು. ಅವುಗಳ ನಡುವೆ ಅವ್ವನದೂ ಒಂದು ಇತ್ತೆಂದು ನನಗೆ ಆಮೇಲೆ ತಿಳಿಯಿತು.

ಅವರು ಆರಿಸಿದ್ದವನು ನನ್ನ ಜೊತೆ ಹತ್ತನೆಯ ತರಗತಿಯವರೆಗೆ ಓದಿದ ಗೆಳೆಯ. ಓದು ಅಲ್ಲಿಗೇ ಬಿಟ್ಟು, ಗಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕೆಲಸಕ್ಕೆ ಸೇರಿದ್ದ. ಸಂಡೂರಿನ ಗಣಿ ತಂಡವೊಂದಕ್ಕೆ ಆಡುತ್ತಿದ್ದ. ಅವನು ಬಾಲು ಹಾಕುವವನಲ್ಲ, ಹಾಕಿಸುವವನು. ಎದುರಾಳಿಯ ಕೈಯಿಂದ ಕಸಿದು ತನ್ನವರಿಗೆ ಕೊಡುವುದು ಅವನ ಆಟ. ನೋಡುವವರಿಗೆ ಬುಟ್ಟಿಗೆ ಬಾಲು ಹಾಕಿದವನೇ ಕಾಣುತ್ತಾನೆ. ಹೀಗಾಗಿ ಬೇರೆ ಊರುಗಳಿಂದ ಅವನಿಗೆ ಮತಗಳು ಬಂದಿರಲಿಲ್ಲ. ಗುಡ್ಡದ ಕಡೆಯ ಹತ್ತನೆಯ ಸ್ಥಾನ ಗಣಿಯ ಕ್ಯಾಂಟೀನಿನ ಮೇಲ್ವಿಚಾರಕನಿಗೆ ಹೋಗುತ್ತಿತ್ತು. ಇಡೀ ಲೀಗಿನಲ್ಲಿ ಮೂರು ನಿಮಿಷ ಆಡಿದ್ದ ಮನುಷ್ಯ. ಆದರೆ ಅವನ ಕೈಯ ಮಂಡಕ್ಕಿ ಒಗ್ಗರಣೆ ತಿಂದವರೆಲ್ಲ ಅವನಿಗೇ ಮತ ಹಾಕಿದ್ದರು.

ಒಂದು ಚೀಟಿ ಎಂದರೆ ಒಂದು ಮತ. ಹಾಗೆ ಎಣಿಸಿದರೆ ನನ್ನ ಗೆಳೆಯ ಪಟ್ಟಿಯಿಂದ ಹೊರಗೆ. ಸಹಿಗಳನ್ನು ಎಣಿಸಿದರೆ ಒಳಗೆ. ಎಣಿಸುವವನು ಮಾತ್ರ ಅದೇ ಊರಿನವನು.

“ಏನು ಮಾಡೋಣು?” ಎಂದು ಮಾಸ್ತರರು ನನ್ನ ಮುಖ ನೋಡಿದರು.

“ನಿಯಮದ ಪ್ರಕಾರ ಒಂದೇ ಮತ ಸರ್” ಎಂದೆ.

ಪಟ್ಟಿಯನ್ನು ಇನ್ನೂ ಹಲಗೆಗೆ ಅಂಟಿಸಿರಲಿಲ್ಲ. ಆದರೂ ಸುದ್ದಿ ಲಾರಿಗಳ ಜೊತೆ ಗುಡ್ಡ ಹತ್ತಿತು. ಮೂರನೆಯ ದಿನ ಬೆಳಿಗ್ಗೆ ಕ್ಲಬ್ಬಿನ ಬಾಗಿಲಲ್ಲಿ ನಮ್ಮೂರಿನ ಹಿರಿಯರೊಬ್ಬರು ನಿಂತಿದ್ದರು. ರಕ್ತಸಂಬಂಧವಿಲ್ಲದಿದ್ದರೂ ನಾನು ಚಿಕ್ಕಂದಿನಿಂದ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಕಟ್ಟೆಯ ಸಭೆ ಕೂಡಿಸಿದ್ದವರು ಅವರೇ.

“ಬರ್ರಿ ದೊಡ್ಡಪ್ಪ, ಕುಂದ್ರಿ.”

“ಕುಂದ್ರಾಕ ಬಂದಿಲ್ಲಪಾ. ನಮ್ಮ ಹುಡುಗನ ಹೆಸರು ಇಲ್ಲಂತಲ್ಲ?”

“ಒಂದು ಚೀಟಿಗೆ ಒಂದೇ ಮತ, ದೊಡ್ಡಪ್ಪ. ಒಬ್ಬೊಬ್ಬರು ಒಂದೊಂದು ಚೀಟಿ ಹಾಕಬೇಕಿತ್ತು.”

“ಯಾಕ? ನಮ್ಮೊಳಗ ಜಗಳ ಐತೇನು, ಒಬ್ಬೊಬ್ಬರು ಬ್ಯಾರೆ ಬ್ಯಾರೆ ಬರಿಯಾಕ?” ಎಂದು ಅವರು ಟವೆಲಿನಿಂದ ಮುಖದ ಧೂಳು ಒರೆಸಿಕೊಂಡರು. “ಪಂಚಾಯ್ತಿ ಚುನಾವಣ್ಯಾಗ ಈ ಗಣಿ ಬಂದಮ್ಯಾಲೆ ಊರು ಎರಡು ಹೋಳಾಗಿತ್ತು. ಅಣ್ಣ ತಮ್ಮ ಮಾತಾಡ್ತಿದ್ದಿಲ್ಲ. ಹೋದ ಸಲ ಬುದ್ಧಿ ಬಂದು ಅವಿರೋಧ ಮಾಡಿದ್ವಿ. ತಾಲ್ಲೂಕಿನಾಗ ಹಾರ ಹಾಕಿದ್ರು ನಮಗ. ಈಗ ನೀ ಏನಂತಿ? ನಾವು ಅರವತ್ತು ಮಂದಿ ಒಂದಾದ್ರ ಒಂದು ಓಟು, ಅವರು ಅರವತ್ತು ಮಂದಿ ಅರವತ್ತು ಕಡೆ ಎಳೆದಾಡಿದ್ರ ಅರವತ್ತು ಓಟು?”

“ಇದು ಅಮೆರಿಕದ ಪದ್ಧತಿ.”

“ಅಮೆರಿಕದಾಗ ಊರು ಇಲ್ಲೇನು?”

ದೊಡ್ಡಪ್ಪ ಸಿಟ್ಟಿನಿಂದ ಮಾತನಾಡಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಅವರು ಬಾಗಿಲು ದಾಟುತ್ತಾ ಮೆಲ್ಲಗೆ, “ಅವ ಹೊಸ ಬೂಟು ತಂದಾನಪಾ. ರಜಾನೂ ಬರೆದು ಕೊಟ್ಟಾನ. ನೀ ಓದಿದಾವ, ಇನ್ನೊಂದು ಸಲ ನೋಡು” ಎಂದು ಹೇಳಿ ಹೋದರು.

ಇನ್ನೊಂದು ಸಲ ನೋಡು ಎಂಬ ಆ ಮಾತಿಗೆ ನಾನು ಮಡಚಿಟ್ಟಿದ್ದ ಪುಟಗಳನ್ನು ತೆಗೆದೆ. ಊಟಕ್ಕೆ ಏಳಲಿಲ್ಲ. ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು, ಉದ್ದದ ವಾಕ್ಯಗಳನ್ನು ಅವ್ವ ಅದಿರಿನ ಹೆಂಟೆಗಳನ್ನು ಒಡೆಯುವಂತೆ ಒಡೆದು ಒಡೆದು ಓದಿದೆ. ಎರಡನೆಯ ಪುಟದ ನಡುವೆ ನನ್ನ ತಪ್ಪು ಸಿಕ್ಕಿತು. ಪ್ರೇಕ್ಷಕರ ಮತದಿಂದ ಆಯ್ಕೆಯಾಗುವವರು ಪ್ರತಿಯೊಂದು ಕಡೆಯ ಮೊದಲ ಐವರು ಮಾತ್ರ. ಮಿಕ್ಕವರನ್ನು ಆರಿಸುವವರು ತಂಡಗಳ ಕೋಚುಗಳು. ಅದರಲ್ಲೂ ಯಾವ ಕೋಚೂ ತನ್ನ ತಂಡದ ಆಟಗಾರನ ಹೆಸರನ್ನು ಹೇಳುವಂತಿಲ್ಲ. ಜನ ನೋಡದೆ ಬಿಟ್ಟದ್ದನ್ನು ಆಟ ಬಲ್ಲವರು ನೋಡಲಿ ಎಂಬುದು ಅದರ ಉದ್ದೇಶ.

ಗೆಳೆಯನಿಗೆ ಒಂದು ದಾರಿ ತೆರೆಯಿತೆಂದು ಮೊದಲು ಸಂತೋಷವಾಯಿತು. ಆ ದಾರಿ ನನ್ನ ಮೇಲೆ ಹಾದು ಹೋಗುತ್ತದೆಂಬುದು ಮರುಕ್ಷಣವೇ ಹೊಳೆಯಿತು. ಮೈಕಿನಲ್ಲಿ ನೂರಾರು ಜನರೆದುರು ಅಂತಾರಾಷ್ಟ್ರೀಯ ಪದ್ಧತಿ ಎಂದು ಘೋಷಿಸಿದ್ದು ನಾನು. ಅದು ತಪ್ಪೆಂದು ಹೇಳಬೇಕಾದವನೂ ನಾನೇ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಪುಟಗಳು ಹೊಸಪೇಟೆಯಲ್ಲಿ ಇದ್ದದ್ದು ನನ್ನ ಮೇಜಿನ ಖಾನೆಯಲ್ಲಿ ಮಾತ್ರ.

ಸಂಜೆಯವರೆಗೆ ಕುಳಿತು ಒಂದು ಪತ್ರ ಬರೆದೆ. “ಮಾನ್ಯರೇ, ಮೂಲ ಲೇಖನದ ಪರಿಶೀಲನೆಯ ಸಂದರ್ಭದಲ್ಲಿ ಕಿಂಚಿತ್ ಲೋಪವು ಸಂಭವಿಸಿರುವುದು ಗಮನಕ್ಕೆ ಬಂದಿರುತ್ತದೆ” ಎಂದು ಅದು ಆರಂಭವಾಗುತ್ತಿತ್ತು. ಲೋಪ ತಾನಾಗಿ ಸಂಭವಿಸಿತ್ತು, ತಾನಾಗಿ ಗಮನಕ್ಕೆ ಬಂದಿತ್ತು. ಇಡೀ ಪತ್ರದಲ್ಲಿ ನಾನು ಎಲ್ಲಿಯೂ ಇರಲಿಲ್ಲ. ಮರುದಿನ ಅದನ್ನು ಎರಡೂ ಕೈಗಳಿಂದ ಮಾಸ್ತರರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೂರು ಸಾಲು ಓದಿ ಗಾಬರಿಯಾದರು.

“ಯಾಕಪಾ, ಕೆಲಸ ಬಿಡ್ತೀ ಏನು?”

“ಇಲ್ಲ ಸರ್. ಪೂರ್ತಿ ಓದಿರಿ.”

“ಇದನ್ನ ಪೂರ್ತಿ ಓದೂದ್ರಾಗ ಮ್ಯಾಚ್ ಮುಗಿದಿರ್ತದ. ಬಾಯಿಲೆ ಹೇಳು.”

“ಎರಡು ಪುಟ ನನಗ ತಿಳಿಲಿಲ್ಲ ಸರ್. ತಿಳಿಲಿಲ್ಲ ಅಂತ ಹೇಳಾಕ ನಾಚಿ, ಬಿಟ್ಟುಬಿಟ್ಟೆ” ಎಂದೆ. ಅಷ್ಟು ವರ್ಷ ಕಚೇರಿಯಲ್ಲಿ ಕಾಪಾಡಿಕೊಂಡು ಬಂದಿದ್ದ ಗ್ರಾಂಥಿಕ ಭಾಷೆ ಆ ಕ್ಷಣ ಕೈಕೊಟ್ಟಿತು. ಆಮೇಲೆ ಕೋಚುಗಳ ನಿಯಮವನ್ನು ವಿವರಿಸಿದೆ.

ಮಾಸ್ತರರು ಕನ್ನಡಕ ತೆಗೆದು ಪತ್ರದ ಮೇಲಿಟ್ಟರು. ನಾನು ನನ್ನ ಪದವಿ ಪ್ರಮಾಣಪತ್ರವನ್ನು ಮನಸ್ಸಿನಲ್ಲೇ ಮಡಚುತ್ತಿದ್ದೆ. ಆಗ ಅವರ ಹೊಟ್ಟೆ ಕುಲುಕತೊಡಗಿತು. ನಗು.

“ಲೇ, ಮೂವತ್ತು ವರ್ಷ ಆಟ ಕಲಿಸೀನಿ ನಾನು. ಆ ಮ್ಯಾಚು ಒಂದ್ ಸಲನೂ ನೋಡಿಲ್ಲ. ಪೇಪರಿನಾಗಿನ ಫೋಟೋ ನೋಡಿ ನಿನಗ ಹೇಳಿದೆ. ನೀ ಎರಡು ಪುಟ ಬಿಟ್ಟಿ, ನಾನು ಇಡೀ ಪುಸ್ತಕನ ಬಿಟ್ಟೀನಿ. ಹೋಗು, ಆರೂ ಮಂದಿ ಕೋಚುಗಳಿಗೆ ಫೋನ್ ಹಚ್ಚು.”

ಮರುದಿನ ಆರೂ ಕೋಚುಗಳು ಕ್ಲಬ್ಬಿನ ಪಡಸಾಲೆಯಲ್ಲಿ ಕುಳಿತರು. ನಾನು ಎದ್ದು ನಿಂತು ಪತ್ರವಿಲ್ಲದೆಯೇ ಹೇಳಿದೆ. ಆಕ್ಷೇಪಣೆಗೆ ಸಿದ್ಧನಾಗಿದ್ದೆ. ಡ್ಯಾಮಿನ ಕಾಲೊನಿಯ ಕೋಚು ಚಹಾ ಊದುತ್ತಾ, “ಹಂಗಾರ ಚಲೋ ಆತು ಬಿಡ್ರಿ. ಈ ಓಟಿನಿಂದ ನಮ್ಮ ಕಡೆ ಬರೇ ಚಂದ ಇರೋರು ಆರಿಸಿ ಬಂದಾರ” ಎಂದರು. ಎಲ್ಲರೂ ನಕ್ಕರು. ನನ್ನ ಜೀವಮಾನದ ದೊಡ್ಡ ತಪ್ಪಿಗೆ ಆ ಸಭೆ ಕೊಟ್ಟ ಸಮಯ ಅಷ್ಟೇ, ಅರ್ಧ ಲೋಟ ಚಹಾದಷ್ಟು.

ಆದರೆ ಗೆಳೆಯನ ಸ್ಥಾನ ಇನ್ನೂ ತೀರ್ಮಾನವಾಗಿರಲಿಲ್ಲ. ಅವನ ಸ್ವಂತ ಕೋಚು ಹೆಸರು ಹೇಳುವಂತಿಲ್ಲ. ನಾನು ಬರೆದುಕೊಳ್ಳುವವನು, ಬಾಯಿ ಬಿಡುವಂತಿಲ್ಲ. ಗುಡ್ಡದ ಕಡೆಯ ಉಳಿದ ಐದು ಸ್ಥಾನಗಳಿಗೆ ಹೆಸರು ಕೇಳಿದಾಗ, ಮೊದಲು ಮಾತನಾಡಿದವರು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೋಚು. ಅವರ ತಂಡ ಲೀಗಿನಲ್ಲಿ ನನ್ನ ಗೆಳೆಯನ ತಂಡದೆದುರು ಎರಡು ಸಲ ಸೋತಿತ್ತು.

“ಆ ಲಾರಿ ತೂಗೋ ಕಾಟಾದಾಗ ಕೆಲಸ ಮಾಡ್ತಾನಲ್ರಿ, ಬಂಡ್ರಿಯಾವ, ಅವನ್ನ ಮೊದಲು ಬರ್ಕೋರಿ. ನಮ್ಮ ಹುಡುಗರ ಕೈಯಾಗಿನ ಬಾಲು ಕಸಗೊಂಡು ಕಸಗೊಂಡು ಸಾಕು ಮಾಡಿಬಿಟ್ಟ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಎಲ್ಲಾ ಕಡೆ ಅವನ ಇರ್ತಾನ.”

“ಹೌದು, ಅವ ಬೇಕು” ಎಂದರು ಲಾರಿ ರಿಪೇರಿಯವರ ಕೋಚು. ಉಳಿದ ಮೂವರೂ ತಲೆಯಾಡಿಸಿದರು. ಅವನ ಸ್ವಂತ ಕೋಚು ಛಾವಣಿ ನೋಡುತ್ತಾ ಮೀಸೆಯಡಿ ನಗುತ್ತಿದ್ದರು. ನಾನು ಹೆಸರು ಬರೆದೆ. ಯಾರೂ ವಿರೋಧಿಸಲಿಲ್ಲವೆಂಬುದು ಬರೆದು ಮುಗಿಸಿದ ಮೇಲೆ ಹೊಳೆಯಿತು. ಕಟ್ಟೆಯ ಮೇಲೆ ಆದಂತೆ ಇಲ್ಲಿಯೂ ಅವನು ಅವಿರೋಧವಾಗಿ ಆಯ್ಕೆಯಾಗಿದ್ದ.

ಪಟ್ಟಿಯಿಂದ ಬಿದ್ದುಹೋದವನು ಕ್ಯಾಂಟೀನಿನ ಮೇಲ್ವಿಚಾರಕ. ಅವನಿಗೆ ಸುದ್ದಿ ತಿಳಿಸುವ ಕೆಲಸ ನನ್ನದಾಯಿತು. ನಾನು ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡು ಫೋನು ಮಾಡಿದೆ. ಅವನು ನನ್ನ ಮೊದಲ ವಾಕ್ಯವನ್ನೂ ಮುಗಿಸಗೊಡಲಿಲ್ಲ.

“ಬಿಟ್ರೇನ್ರಿ ನನ್ನ? ಬದುಕಿಸಿದ್ರಿ! ಹತ್ತನೇದವ ನಾನಂತ ಕೇಳಿದಾಗಿಂದ ನಿದ್ದಿ ಇಲ್ಲ. ಮೊಣಕಾಲು ಹಿಡಿದಾವ. ಮ್ಯಾಚಿನ ದಿನ ಮಿರ್ಚಿ ನಾ ಮಾಡ್ತೀನಿ, ಅದಕ್ಕ ಯಾರ ಓಟೂ ಬ್ಯಾಡ.”

ಪಂದ್ಯದ ಭಾನುವಾರ ಬಂದಿತು. ಗಣಿ ರಸ್ತೆಗೆ ನೀರು ಹಾಕುವ ಟ್ಯಾಂಕರನ್ನು ಕೇಳಿ ತರಿಸಿ, ಸಿಮೆಂಟಿನ ಅಂಗಳದ ಕೆಂಧೂಳನ್ನು ತೊಳೆಸಿದ್ದೆವು. ಆಟ ನಾಲ್ಕು ಗಂಟೆಗೆ. ಮೂರೂಮುಕ್ಕಾಲಾದರೂ ಕುರ್ಚಿಗಳು ಖಾಲಿಯಿದ್ದವು. ಸಂಡೂರಿನ ದಾರಿಯಲ್ಲಿ ಲಾರಿಗಳು ಕಟ್ಟಿಕೊಂಡಿವೆ ಎಂದು ಯಾರೋ ಹೇಳಿದರು. ಬಿಟ್ಟುಬಿಡಿ ಎಂದು ಫೋನು ಮಾಡಿದ ಆ ಅಮೆರಿಕದ ಲೀಗಿನ ಮುಖ್ಯಸ್ಥನನ್ನು ನಾನು ಅಲ್ಲಿಯವರೆಗೆ ಕೇವಲ ಒಂದು ವಾಕ್ಯದಲ್ಲಿ ಬಲ್ಲವನಾಗಿದ್ದೆ. ಅಂದು ಅವನು ಆ ಫೋನು ಮಾಡಿದ್ದೇಕೆಂದೂ ಗೊತ್ತಾಯಿತು. ಮಾಸ್ತರರು ಮಾತ್ರ ಅಂಗಳದ ನಡುವೆ ನಿಂತು, ಆ ಹಟಮಾರಿ ಮಾಲೀಕನಂತೆ, “ಬರ್ತಾರ, ಸುಮ್ಕಿರು” ಎನ್ನುತ್ತಿದ್ದರು.

ಬಂದರು. ಮೊದಲು ಡ್ಯಾಮಿನ ಕಾಲೊನಿಯವರು, ಬುಕ್ಕಸಾಗರದಿಂದ ಭತ್ತದ ಗದ್ದೆಯ ಕೆಲಸ ಮುಗಿಸಿ ಬಂದವರು, ಕಂಪ್ಲಿಯ ಗಿರಣಿಯವರು. ಕೊನೆಗೆ, ಲಾರಿಗಳ ಪಕ್ಕದ ಮಣ್ಣಿನಲ್ಲಿ ನುಸುಳಿಕೊಂಡು, ಬಂಡ್ರಿಯ ಒಂದು ಟ್ರ್ಯಾಕ್ಟರು. ಅದರ ಟ್ರೇಲರಿನ ತುಂಬ ನಮ್ಮೂರು. ಮುಂದೆ ದೊಡ್ಡಪ್ಪ, ಹಿಂದೆ ಹೆಂಗಸರ ನಡುವೆ ಸೆರಗಿನಿಂದ ಮೂಗು ಮುಚ್ಚಿಕೊಂಡ ಅವ್ವ.

ನಾನು ಮೈಕು ಹಿಡಿದೆ. “ಹಿಂದಿನ ಸಲ ಈ ಪಂದ್ಯದ ಇತಿಹಾಸವನ್ನು ಹೇಳುವಾಗ ನಾನು ಎರಡು ಪುಟಗಳನ್ನು ಓದದೆ ತಪ್ಪು ನಿಯಮ ಹೇಳಿದ್ದೆ. ಅದನ್ನು ಇಂದು ಸರಿಪಡಿಸುತ್ತಿದ್ದೇನೆ” ಎಂದೆ. ಹೇಳಿ ನಿಲ್ಲಿಸಿದೆ. ಏನಾದರೂ ಆಗುತ್ತದೆಂದು ಕಾದೆ. ಮುಂದಿನ ಸಾಲಿನಲ್ಲಿ ಒಬ್ಬರು ಮಿರ್ಚಿಯ ತೊಟ್ಟನ್ನು ಕಿತ್ತು ಕುರ್ಚಿಯ ಕೆಳಗೆ ಹಾಕಿದರು. ಒಂದು ಕೂಸು ಅತ್ತಿತು. ಮತ್ತೇನೂ ಆಗಲಿಲ್ಲ. ನನ್ನ ಪದವಿಯನ್ನು ವಾಪಸು ಒಯ್ಯಲು ಯಾರೂ ಏಳಲಿಲ್ಲ.

ಗೆಳೆಯ ಎರಡನೆಯ ಭಾಗದಲ್ಲಿ ಅಂಗಳಕ್ಕಿಳಿದ. ಹೊಸ ಬೂಟು ಮೊದಲು ಜಾರಿತು. ಟ್ರ್ಯಾಕ್ಟರಿನವರು ಹೋ ಎಂದರು. ಅವನು ಒಂದು ಬಾಲನ್ನೂ ಬುಟ್ಟಿಗೆ ಹಾಕಲಿಲ್ಲ. ಹೊಳೆಯ ಕಡೆಯವರಿಂದ ಕಸಿದ, ಕೊಟ್ಟ, ಮತ್ತೆ ಕಸಿದ. ಗುಡ್ಡದ ಕಡೆಯವರು ಗೆದ್ದರು. ಆಟ ಮುಗಿದ ಮೇಲೆ ಅವನು ನನ್ನ ಮೇಜಿನ ಬಳಿ ಬಂದು, ಬೆವರು ಒರೆಸಿಕೊಳ್ಳುತ್ತಾ, “ಲೇ, ಆ ಎರಡು ಪುಟ ಮೊದಲ ಓದಿದ್ದರ ನಾ ಹದಿನೈದು ದಿನ ಆರಾಮ ಉಣ್ತಿದ್ದೆ” ಎಂದ. “ನಾನೂ” ಎಂದೆ.

ಮುಂದಿನ ವರ್ಷ ಮತ್ತೆ ಡಬ್ಬಿಗಳನ್ನಿಟ್ಟೆವು. ಬಂಡ್ರಿಯವರು ಹಿಂದಿನ ಸಲದ ತಪ್ಪನ್ನು ತಿದ್ದಿಕೊಂಡಿದ್ದರು. ಈ ಸಲ ಅರವತ್ತೆಂಟು ಚೀಟಿಗಳು ಬಂದಿದ್ದವು. ಅರವತ್ತೆಂಟರಲ್ಲೂ ಒಂದೇ ಹೆಸರು, ಒಂದೇ ಬಾಲ್‌ಪೆನ್ನು, ದೊಡ್ಡಪ್ಪನ ಓರೆಯಾದ ಅದೇ ಒಂದು ಕೈಬರಹ. ನಾನು ಚೀಟಿಗಳ ಕಟ್ಟನ್ನು ಹಿಡಿದುಕೊಂಡು, ನಿಘಂಟನ್ನೂ ನಿಯಮಗಳನ್ನೂ ತೆರೆಯದೆ, ನೇರವಾಗಿ ಮಾಸ್ತರರ ಕೋಣೆಗೆ ಹೋದೆ.

“ಇದನ್ನ ಹೆಂಗ ಎಣಿಸಬೇಕು ಅಂತ ನನಗ ಗೊತ್ತಿಲ್ಲ ಸರ್” ಎಂದೆ.